ಬಾಲಕ್ಕೆ ಕಟ್ಟಿದ ನಿಂಬೆಹಣ್ಣು

ದೃಷ್ಟಿ ತಾಕುತ್ತದೆ ಎಂದರೆ ನಕ್ಕುಬಿಡುತ್ತಿದ್ದವನು ನಾನು. ಮಧುಗಿರಿಯಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ಬೇರೇನು ಮಾಡಬೇಕು? ಈಗಲೂ ನಂಬುವುದಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ರಿಮೋಟಿನಲ್ಲಿ ಹಾರುವ ವಿಮಾನ ಕಟ್ಟುವುದು ನನ್ನ ಹುಚ್ಚು. ಕೆಲವು ವರ್ಷಗಳ ಹಿಂದೆ, ಆಳುದ್ದದ ರೆಕ್ಕೆಯ ಹೊಸ ವಿಮಾನವನ್ನು ತಿರುಮಣಿಯ ಅಕ್ಕನ ಮನೆಗೆ ಒಯ್ದಿದ್ದೆ. ಸೋಲಾರ್ ಪಾರ್ಕಿಗೆ ಕೊಡದೆ ಅವಳು ಉಳಿಸಿಕೊಂಡಿದ್ದ ಹೊಲದಲ್ಲಿ ಹಾರಿಸುವುದೆಂದಾಯಿತು. ಮಂಡಿನೋವಿನ ಅಕ್ಕ ಬದುವಿನ ಮೇಲೆ ಕಾಲು ಚಾಚಿ ಕೂತಳು. ಸಂಜೆ, ಗಾಳಿಯೂ ಇರಲಿಲ್ಲ.

ವಿಮಾನದ ಮೂತಿ ಏರುತ್ತಲೇ ಹೋಯಿತು. ನಾನು ಇಳಿಸಿದರೂ ಇಳಿಯಲೊಲ್ಲದು. ಮೂತಿ ಎತ್ತಿದಷ್ಟೂ ರೆಕ್ಕೆಗೆ ಎತ್ತುವ ಬಲ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ. ಅದನ್ನು ದಾಟಿದರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಚೆದುರುತ್ತದೆ, ಬಲ ಕುಸಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಹಾಗಾಗಿ ವಿಮಾನ ಮೂತಿ ಎತ್ತಿಕೊಂಡೇ ಕೆಳಗಿಳಿಯುತ್ತದೆ. ಮೂತಿ ತಗ್ಗಿದರಷ್ಟೇ ಉಳಿಗಾಲ. ಆಗ ಬಾಲದಲ್ಲಿ ಹಳದಿಯದೇನೋ ಕಂಡಿತು. ನಿಂಬೆಹಣ್ಣು! ನಾನು ಕಾಫಿ ಕುಡಿಯುವಾಗ ದೃಷ್ಟಿಗೆಂದು ಅಕ್ಕ ಕಟ್ಟಿದ್ದಳು. ಮುಂದೆ ಪಂಖ ತಿರುಗುತ್ತದಲ್ಲ, ಅದಕ್ಕೇ ಹಿಂದೆ ಕಟ್ಟಿದ್ದಳು. ಬಾಲ ಭಾರವಾದ ಮೇಲೆ ಮೂತಿ ತಗ್ಗುವುದೆಲ್ಲಿ?

ವಿಮಾನ ನೇರ ಅವಳ ನೆತ್ತಿಯ ಮೇಲೆಯೇ ಇಳಿಯುತ್ತಿತ್ತು. ಪಂಖ ನಿಲ್ಲಿಸಿದೆ. ಆದರೂ ಎರಡು ಕೆಜಿ ತೂಕ.

"ಅಕ್ಕಾ, ಏಳು!"

ಅವಳಿಗೆ ಏಳಲಾಗಲಿಲ್ಲ. ಅಷ್ಟರಲ್ಲಿ ನಿಂಬೆಹಣ್ಣು ಕಳಚಿ ಬಿತ್ತು. ಮೂತಿ ತಗ್ಗಿತು, ರೆಕ್ಕೆಗೆ ಗಾಳಿ ಸಿಕ್ಕಿತು, ವಿಮಾನ ಅವಳ ಸೆರಗು ಸವರಿಕೊಂಡು ಬಂದು ನನ್ನ ಕಾಲ ಬಳಿ ಇಳಿಯಿತು.

ಎತ್ತಿ ನೋಡಿದರೆ ಬಾಲದಲ್ಲಿ ನಿಂಬೆಹಣ್ಣು ಹಾಗೇ ಇತ್ತು. ದಾರದ ಗಂಟೂ ಸಡಿಲಾಗಿರಲಿಲ್ಲ.

ಅನುಮಾನ ನನ್ನ ಹುಟ್ಟುಗುಣ. ಓಡಿಹೋಗಿ, "ಎರಡು ಕಟ್ಟಿದ್ಯೇನಕ್ಕ?" ಎಂದು ಗದರಿದೆ.

"ಒಂದೇ ಕಣ್ಲಾ. ನನ್ ಮುಂದ್ಲೇ ಬಿತ್ತಲ್ಲ, ನೋಡ್ಲಿಲ್ವಾ?"

ಬದುವೆಲ್ಲ ಹುಡುಕಿದೆ. ನಾಚಿಕೆ ಬಿಟ್ಟು ಅವಳ ಸೆರಗನ್ನೂ ಕೊಡವಿಸಿದೆ. ಏನೂ ಸಿಗಲಿಲ್ಲ. ಬಾಲದಲ್ಲಿದ್ದ ಹಣ್ಣು ತೋರಿಸಿದಾಗ ಅಕ್ಕನ ಮುಖ ಬಿಳುಚಿಕೊಂಡಿತು.

"ಹಂಗಾರೆ ಬಿದ್ದಿದ್ದೇನ್ಲಾ?"

ಮನೆಯಲ್ಲಿ ಅದೇ ಹಣ್ಣಿನೊಂದಿಗೆ ವಿಮಾನವನ್ನು ರೆಕ್ಕೆಯಡಿ ಬೆರಳಿಟ್ಟು ತೂಗಿ ನೋಡಿದಾಗಲೆಲ್ಲ ಬಾಲವೇ ಕೆಳಗಾಯಿತು, ಮೂತಿ ಒಮ್ಮೆಯೂ ತಗ್ಗಲಿಲ್ಲ. ಈಗ ಹಾರಿಸುವ ಮುನ್ನ ನಾನೇ ನಿಂಬೆಹಣ್ಣು ಕಟ್ಟುತ್ತೇನೆ, ರೆಕ್ಕೆಯ ಕೆಳಗೆ, ತೂಕ ಸಮವಾಗುವ ಜಾಗದಲ್ಲಿ. ಅಕ್ಕನ ಸಮಾಧಾನಕ್ಕೆ ಎಂದುಕೊಳ್ಳುತ್ತೇನೆ. ಆದರೆ ಅವಳು ಜೊತೆಗಿಲ್ಲದ ದಿನವೂ ಕಟ್ಟುತ್ತೇನೆ.