ಚಾಪೆಯ ಮೇಲೆ ದೊಡ್ಡಮ್ಮನ ಜಿಗಿತ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ಹಾಸ್ಟೆಲಿನ ಕಸ ಗುಡಿಸುವವಳ ಮಾತೂ ಅಷ್ಟಕ್ಕಷ್ಟೇ. ಓದುವವರು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಅಂಕಿಗಳನ್ನು ಮಾತ್ರ ಎರಡೆರಡು ಸಲ ನೋಡಿ ಬರೆದಿದ್ದೇನೆ.

ನಾವೆಲ್ಲ ದೊಡ್ಡಮ್ಮ ಎಂದು ಕರೆಯುವವರು ಈ ಹುಡುಗಿಯರ ವಾಲಿಬಾಲ್ ಹಾಸ್ಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ಬೀಗ ತೆಗೆಯುವುದು, ಚೆಂಡಿಗೆ ಗಾಳಿ ತುಂಬುವುದು, ಜೊತೆಗೆ ಜಿಗಿತ ಅಳೆಯುವುದು ಅವರ ಕೆಲಸ. ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಸಿ, ನಿಂತಲ್ಲೇ ಕೈ ಎಟುಕಿದ ಕಡೆ, ಸೆಂಟಿಮೀಟರಿನ ಅಂಕಿ ಬರೆದ ಗೋಡೆಯ ಮೇಲೆ ಒಂದು ಗುರುತು, ಹಾರಿ ಮುಟ್ಟಿದ ಕಡೆ ಇನ್ನೊಂದು. ನಡುವಿನ ಅಂತರವೇ ಜಿಗಿತ. ಮೊದಲ ಗುರುತಿಗೆ ಭುಜ ಕುಗ್ಗಿಸಿ ನಿಂತರೆ ಹಾರದೆಯೇ ನಾಲ್ಕು ಸೆಂಟಿಮೀಟರ್ ಲಾಭ. ಈ ವಿದ್ಯೆ ಹುಡುಗಿಯರಿಗೆ ನೀರು ಕುಡಿದಷ್ಟು ಸುಲಭ. "ಭುಜಾನ ಯಾರಿಗೆ ಉಳಿಸಿಟ್ಟಿದ್ದೀಯಮ್ಮ? ಪೂರ್ತಿ ಎತ್ತು" ಎನ್ನುತ್ತಾ ದೊಡ್ಡಮ್ಮ ಅವರ ಮೊಣಕೈ ಹಿಡಿದು ಮೇಲಕ್ಕೆ ತಳ್ಳುವರು. ಮೂರು ಸಲ ಹಾರಿಸಿ, ಎರಡು ದಿನ ಬಿಟ್ಟು ಮತ್ತೆ ಮೂರು ಸಲ. ಎರಡು ದಿನದ ಅಂಕಿ ಹತ್ತಿರ ಹತ್ತಿರ ಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಈ ವರ್ಷ ಬಂದ ಹೊಸ ಕೋಚ್ ಮಹಾ ಜ್ಞಾನಿ. ಸುಣ್ಣದ ಗೋಡೆ ಕಂಡು ಅಯ್ಯೋ ಪಾಪ ಎನಿಸಿ ಯಂತ್ರದ ಚಾಪೆ ತರಿಸಿದರು. ಕಾಲು ಚಾಪೆ ಬಿಟ್ಟ ಕ್ಷಣದಿಂದ ಮತ್ತೆ ಮುಟ್ಟುವವರೆಗಿನ ಹೊತ್ತು ಎಣಿಸಿ ಅದು ಎತ್ತರ ಹೇಳುತ್ತದೆ. ಒಂದೇ ವಾರದಲ್ಲಿ ಹಾಸ್ಟೆಲಿಗೆ ಹಾಸ್ಟೆಲೇ ಎಂಟು ಸೆಂಟಿಮೀಟರ್ ಹೆಚ್ಚು ಹಾರತೊಡಗಿತು. ಊಟ ಅದೇ, ಕಾಲುಗಳೂ ಅವೇ. ಕೋಚ್ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಇಳಿಯುವಾಗ ಹುಡುಗಿಯರು ಮೊಣಕಾಲು ಮಡಿಸಿ, ನೆಲ ಮುಟ್ಟುವುದನ್ನು ತಡಮಾಡುತ್ತಿದ್ದುದು ದೊಡ್ಡಮ್ಮನ ಕಣ್ಣಿಗೆ ಬಿತ್ತು. ಚಾಪೆಗೆ ಕಣ್ಣಿರಲಿಲ್ಲ.

ಕಾಲು ಮಡಿಸದವಳು ಒಬ್ಬಳೇ, ಎಲ್ಲರೂ ಕೊಕ್ಕರೆ ಎಂದು ಕರೆಯುವ ಉದ್ದಕಾಲಿನ ಹುಡುಗಿ. ಗೋಡೆಯ ಲೆಕ್ಕದಲ್ಲಿ ಮೂರನೆಯವಳಾಗಿದ್ದವಳು ಚಾಪೆಯ ಲೆಕ್ಕದಲ್ಲಿ ಕಡೆಯವಳಾದಳು. ಕಡೆಯವಳು ಸೋಮವಾರ ಹಾಸ್ಟೆಲ್ ಬಿಡಬೇಕೆಂದು ಕೋಚ್ ಆಜ್ಞೆ ಮಾಡಿದ್ದರು. ಅವಳು ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳು. ದೊಡ್ಡಮ್ಮ ಕೋಚಿಗೆ ಮೊಣಕಾಲಿನ ವಿಷಯ ತಿಳಿಸಿದಾಗ, ಯಂತ್ರಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂಬ ಉಪದೇಶ ಪುಕ್ಕಟೆಯಾಗಿ ಸಿಕ್ಕಿತು.

"ಹಾಗಾದ್ರೆ ನನ್ನದೂ ಒಂದು ಅಳೆದುಬಿಡಿ ಸಾರ್" ಎಂದರು ದೊಡ್ಡಮ್ಮ.

ಐವತ್ತನಾಲ್ಕು ವಯಸ್ಸು, ಎಡ ಮೊಣಕಾಲಿಗೆ ಪಟ್ಟಿ. ಚಪ್ಪಲಿ ಬಿಟ್ಟು ಚಾಪೆ ಹತ್ತಿದರು, ಒಮ್ಮೆ ಕುಪ್ಪಳಿಸಿ ಪಕ್ಕದ ನೆಲಕ್ಕೆ ಇಳಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ಚಾಪೆಯ ಮೇಲೆ ಕಾಲಿಟ್ಟರು. ಸರಿಯಾಗಿ ಎರಡು ಸೆಕೆಂಡು. ಯಂತ್ರ ಕೀಂ ಎಂದು ತೋರಿಸಿತು: ನಾಲ್ಕು ಮೀಟರ್ ತೊಂಬತ್ತು ಸೆಂಟಿಮೀಟರ್. ಆ ಕೋಣೆಯ ಚಾವಣಿ ಇರುವುದೇ ನಾಲ್ಕು ಮೀಟರ್ ಎತ್ತರಕ್ಕೆ.

"ಇದು ಹಾರಿದ್ದನ್ನ ಅಳೆಯಲ್ಲ ಸಾರ್, ವಾಪಸ್ ಬರೋದು ಎಷ್ಟು ತಡ ಆಯ್ತು ಅಂತ ಅಳೆಯುತ್ತೆ. ನನ್ನನ್ನ ತಂಡಕ್ಕೆ ತಗೋತೀರಾ, ಇಲ್ಲಾ ಆ ಮಗೂನ ಇನ್ನೊಂದ್ಸಲ ಅಳೀತೀರಾ?"

ಹುಡುಗಿಯರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು. ಕೋಚ್ ಒಮ್ಮೆ ಚಾವಣಿ ನೋಡಿ ಯಂತ್ರ ಆರಿಸಿದರು. ಮರುದಿನ, ತಾವೇ ಕಂಡುಹಿಡಿದವರಂತೆ ಹೊಸ ನಿಯಮ ಹೊರಡಿಸಿದರು: ಕಾಲು ನೇರವಾಗಿ ಇಳಿಯಬೇಕು, ಮೂರು ಸಲ ಹಾರಬೇಕು, ಎರಡು ದಿನ ಅಳೆಯಬೇಕು, ಗೋಡೆಯ ಲೆಕ್ಕವೂ ಜೊತೆಗಿರಬೇಕು. ಅದೆಲ್ಲ ಆಗುವವರೆಗೆ ಯಾರನ್ನೂ ಮನೆಗೆ ಕಳಿಸುವಂತಿಲ್ಲ. ದೊಡ್ಡಮ್ಮ ಶಿಷ್ಯೆಯಂತೆ ತಲೆಯಾಡಿಸಿದರು. ಕೊಕ್ಕರೆ ಎರಡೂ ದಿನ ಮೂರನೆಯವಳೇ ಆದಳು, ಅವಳ ಪೆಟ್ಟಿಗೆ ಮತ್ತೆ ಮಂಚದ ಕೆಳಗೆ ಹೋಯಿತು.

ಗೋಡೆಯ ಮೇಲಿನ ಅಂಕಿಗಳು ಮಾಸಿವೆ. ನಾಳೆ ಬೆಳಿಗ್ಗೆ ಹೋಗಿ ಅವನ್ನು ಬಣ್ಣದಲ್ಲಿ ಹೊಸದಾಗಿ ಬರೆಯುತ್ತೇನೆ.