ಅರ್ಧ ಬಂದ ದನಿ

ಇಂದು ಬೆಳಗ್ಗೆ ಯಾದವಗಿರಿಯ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಬಂತು. ಲ್ಯಾಪ್‌ಟಾಪಿಗೆ ಇಳಿಯುತ್ತಿದ್ದ ಫೈಲು ನಡುವೆ ನಿಂತು, ನಿಂತಲ್ಲಿಂದಲೇ ಮತ್ತೆ ಇಳಿಯತೊಡಗಿತು. ಇದರಲ್ಲೇನು ವಿಶೇಷ ಎನ್ನುತ್ತೀರಿ. ನನಗೆ ಮಾತ್ರ ಹಳೆಯದೊಂದು ಮಧ್ಯಾಹ್ನ ನೆನಪಾಯಿತು.

ಕೆಲವು ವರ್ಷಗಳ ಹಿಂದೆ ಸರಸ್ವತಿಪುರಂನಲ್ಲಿ ಕಣ್ಣು ಕಾಣದ ವಿದ್ಯಾರ್ಥಿನಿಯರ ಸಣ್ಣ ಹಾಸ್ಟೆಲ್ಲೊಂದಿತ್ತು. ಅಲ್ಲಿದ್ದ ಒಂದೇ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವನು ನಾನು. ಸಂಬಳವಿಲ್ಲದ ಕೆಲಸ, ಅದಕ್ಕೇ ಜಂಬ ತುಸು ಹೆಚ್ಚು. ತೆರೆಯ ಮೇಲಿನ ಬರಹವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ದನಿ ಒರಟು, ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿತ್ತು. ಒಂದು ಸಲ, ಮರುದಿನದ ಬಿ.ಎ. ಪರೀಕ್ಷೆಗೆ ಅಲ್ಲಿನ ವಿದ್ಯಾರ್ಥಿನಿ ನಾಗರತ್ನ ಆ ಕಂಪ್ಯೂಟರನ್ನೇ ಒಯ್ಯಬೇಕಿತ್ತು. ಅದು ಓದಿ ಹೇಳದಿದ್ದರೆ ಅವಳಿಗೆ ಪ್ರಶ್ನೆ ಏನೆಂದೇ ತಿಳಿಯದು.

"ಹಳೇದೇ ಸಾಕು ಸಾರ್," ಎಂದಳು. ನಾನು ಕೇಳದೆ ಇಂಟರ್‌ನೆಟ್ಟಿನಿಂದ ಹೊಸ ದನಿಯ ಫೈಲು ಇಳಿಸಲು ಕೂತೆ.

ಆ ಹಾಸ್ಟೆಲ್ಲಿನಲ್ಲಿ ಒಂದು ರೂಢಿ. ವಾರ್ಡನ್ ಮಾದೇವಮ್ಮನವರು ಗ್ರೈಂಡರ್ ಹಾಕುವ ಮುನ್ನ "ಹಾಕ್ಲಾ?" ಎಂದು ಕೂಗಬೇಕು, ಕಂಪ್ಯೂಟರಿನ ಮುಂದಿದ್ದವರು ಉತ್ತರಿಸಬೇಕು. ಎರಡನ್ನೂ ಒಟ್ಟಿಗೆ ತಾಳುವ ವೈರಿಂಗ್ ಅಲ್ಲ. ಅಂದು ಮಧ್ಯಾಹ್ನ ಅವರು ಕೂಗಿದರು. ತೆರೆಯಿಂದ ಕಣ್ಣು ಕೀಳದೆ ನಾನು "ಹೂಂ" ಎಂದೆ. ಫ್ಯೂಸ್ ಹೋಯಿತು.

ಫ್ಯೂಸ್ ಹಾಕಿ ನೋಡಿದರೆ ಫೈಲು ಮುಕ್ಕಾಲು ಮಾತ್ರ ಬಂದಿತ್ತು. ಅರ್ಧಂಬರ್ಧ ಬಂದ ಫೈಲುಗಳನ್ನು ಕಂಪ್ಯೂಟರು ಬೇರೆ ಫೋಲ್ಡರಿನಲ್ಲಿ ಕೂರಿಸಿರುತ್ತದೆ. ಪೂರ್ತಿ ಬಂದು, ತನ್ನಲ್ಲಿರುವ ಪಟ್ಟಿಯೊಂದಿಗೆ ತಾಳೆಯಾದ ಮೇಲಷ್ಟೇ ಇನ್‌ಸ್ಟಾಲ್ ಆಗುವ ಫೋಲ್ಡರಿಗೆ ಬಿಡುತ್ತದೆ. ನನಗದು ಗೊತ್ತಿತ್ತು. ಆದರೂ ಬಹುಪಾಲು ಬಂದಿದೆಯಲ್ಲ ಎಂದು ನನ್ನ ಕೈಯಾರೆ ಅದನ್ನು ಮುಂದಕ್ಕೆ ದಾಟಿಸಿ, ಇನ್‌ಸ್ಟಾಲ್ ಮಾಡಲು ಕೀಲಿ ಒತ್ತಿಬಿಟ್ಟೆ.

"ಪೂರ್ತಿ ಬಂತಾ ಸಾರ್?" ಪಕ್ಕದಲ್ಲೇ ಕೂತಿದ್ದ ನಾಗರತ್ನ ಕೇಳಿದಳು.

"ಬಂತು ಕಣಮ್ಮ."

ಹೇಳಿದ ಮೇಲೆ ಹೊಳೆಯಿತು: ಹೊಸದು ಕೂರುವಾಗ ಹಳೆಯದು ಅಳಿಸಿಹೋಗುತ್ತದೆ. ಈ ತುಂಡು ದನಿ ಮಾತಾಡದಿದ್ದರೆ ನಾಳೆ ಹುಡುಗಿ ಮೂಕ ಪೆಟ್ಟಿಗೆಯ ಮುಂದೆ ಕೂರಬೇಕು. ತೆರೆಯ ಮೇಲೆ ಸಾಲುಗಳು ಓಡಿ ನಿಂತವು. ಓದಲು ಧೈರ್ಯವಾಗಲಿಲ್ಲ, ಕನ್ನಡಕ ತೆಗೆದು ಒರೆಸುತ್ತ ಕೂತೆ.

ನಾಗರತ್ನ ಕೈ ಚಾಚಿ ಓದುವ ಕೀಲಿ ಒತ್ತಿದಳು. ಅದೇ ಒರಟು ದನಿ, ಎಡವುತ್ತ ಎಡವುತ್ತ, ನಿಧಾನವಾಗಿ ಓದಿತು: ಫೈಲು ಪೂರ್ತಿಯಾಗಿಲ್ಲ, ಪಟ್ಟಿಯಲ್ಲಿರುವುದಕ್ಕೆ ಹೊಂದುತ್ತಿಲ್ಲ, ಏನನ್ನೂ ಬದಲಿಸಿಲ್ಲ.

"ಇದೇ ಹೇಳ್ತಾ ಐತಲ್ಲ ಸಾರ್, ಬಂದಿಲ್ಲ ಅಂತ!" ಅವಳು ನಕ್ಕಳು. ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದ ಮಾದೇವಮ್ಮನವರು, "ಮಿಸೀನೇ ವಾಸಿ ಕಣ್ರೀ, ಸುಳ್ಳಾಡಕಿಲ್ಲ," ಎಂದರು.

ನನ್ನ ಸುಳ್ಳು ಅಷ್ಟು ಜೋರಾಗಿ ಬಯಲಾದದ್ದಕ್ಕೆ ನಾಚಿಕೆಯಾಗಬೇಕಿತ್ತು. ಆದದ್ದು ಬೇರೆ: ಆ ದನಿ ಇನ್ನೂ ಇದೆಯಲ್ಲ ಎಂಬ ಸಮಾಧಾನಕ್ಕೆ ನಾನೇ ಓದುವ ಕೀಲಿಯನ್ನು ಇನ್ನೊಮ್ಮೆ ಒತ್ತಿ ಕೇಳಿದೆ.

"ಉಳಿದಿದ್ದು ತರ್ಸಲೇನಮ್ಮ?"

"ಪರೀಕ್ಷೆ ಮುಗೀಲಿ ಬುಡಿ ಸಾರ್."

ಮರುದಿನ ಒಂಬತ್ತಕ್ಕೆ ಹಳೆಯ ದನಿ ಅವಳಿಗೆ ಮೊದಲ ಪ್ರಶ್ನೆಯನ್ನು ಓದಿತು. ಪರೀಕ್ಷೆಯ ಕೋಣೆಯ ಹೊರಗೆ ಕಾರಿಡಾರಿನಲ್ಲಿ ನಿಂತು ನಾನೂ ಕೇಳಿಸಿಕೊಂಡೆ. ಎರಡು ಕಡೆ ಎಡವಿತು.

ಈಗ ಹೆಂಡತಿ ಒಳಗಿನಿಂದ ಕೇಳುತ್ತಿದ್ದಾಳೆ, "ಆಯ್ತೇನ್ರೀ?" ಲ್ಯಾಪ್‌ಟಾಪು ಶೇಕಡಾ ತೊಂಬತ್ತೆಂಟು ತೋರಿಸುತ್ತಿದೆ.

"ಇಲ್ಲ ಕಣೇ," ಎಂದೆ, ಯಾವ ಸಂಕೋಚವೂ ಇಲ್ಲದೆ.