ಕುದಿಸಬಾರದ ಎಲೆ

ನಾನು ಯಾರಿಗಾದರೂ ಸೊಪ್ಪು ಕೊಟ್ಟರೆ ಬಾಯಿ ಮುಚ್ಚಿಕೊಂಡು ಕೊಡುವುದಿಲ್ಲ. ಇದನ್ನು ಕುದಿಸು, ಇದನ್ನು ಕುದಿಸಬೇಡ, ಇದಕ್ಕೆ ಕಬ್ಬಿಣ ತಾಗಿಸಬೇಡ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ. ಹೇಳಿದರೆ ಔಷಧದ ಗುಣ ಹೋಗುತ್ತದೆ ಎಂದು ಹಿರಿಯರು ಮುಖ ಸಿಂಡರಿಸುತ್ತಾರೆ. ಹೋದರೆ ಹೋಗಲಿ. ಹೇಳದೆ ಏನು ಹೋಯಿತೆಂಬುದು ನನಗೆ ಗೊತ್ತಿದೆ.

ಕನ್ನಡ ಸೀಮೆ ಒಂದಾಗುತ್ತದಂತೆ ಎಂಬ ಮಾತು ಕಟ್ಟೆಕಟ್ಟೆಯ ಮೇಲೆ ನಡೆದಿದ್ದ ವರ್ಷ. ನನ್ನನ್ನು ಹುಟ್ಟಿದ ಊರಾದ ಗಜೇಂದ್ರಗಡದಲ್ಲೇ ಕೊಟ್ಟಿದ್ದರು, ಅಕ್ಕನನ್ನು ನರಗುಂದಕ್ಕೆ. ಅವ್ವ ಸತ್ತಾಗ ನಾನು ಇನ್ನೂ ನಡೆಯಲು ಕಲಿಯುತ್ತಿದ್ದೆನಂತೆ. ನನ್ನನ್ನು ಎತ್ತಿ ಆಡಿಸಿ, ತಲೆ ಬಾಚಿ, ಬೈದು ಬೆಳೆಸಿದವಳು ಅಕ್ಕ. ಶ್ರಾವಣದಲ್ಲಿ ಅವಳಿಗೆ ಕಾಮಾಲೆ, ನಮ್ಮ ಕಡೆಯ ಮಾತಿನಲ್ಲಿ ಕಾಮಣಿ, ಆಯಿತು. ರೋಣದ ದವಾಖಾನೆಯಲ್ಲಿ ಊಟದಲ್ಲಿ ಎಣ್ಣೆ ಬಿಡಿಸಿ, ಮಲಗಿಸಿ ಎಂದರಂತೆ. ಅವಳ ಗಂಡ ಅಲ್ಲಿಂದಲೇ ಬಸ್ಸು ಹತ್ತಿಸಿ ನಮ್ಮ ಮನೆಗೆ ತಂದು ಬಿಟ್ಟ. ಕಣ್ಣು, ಉಗುರು, ಅಂಗೈ ಎಲ್ಲ ಅರಿಷಿಣ.

ನಮ್ಮ ಅಪ್ಪ ಸೊಪ್ಪಿನ ಔಷಧ ಕೊಡುತ್ತಿದ್ದವನು. ಕೆಮ್ಮಿಗೆ ಆಡುಸೋಗೆಯ ಎಲೆ ಹಾಕಿ, ಎಂಟು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯುವ ತನಕ ಮಣ್ಣಿನ ಗಡಿಗೆಯಲ್ಲಿ ಕುದಿಸುವನು. ಅವನು ತೀರಿಕೊಂಡ ಮೇಲೆ ಆ ವಿದ್ಯೆ ನನ್ನದೇ ಎಂಬ ಗರ್ವ ನನಗಿತ್ತು. ಕುದಿಸುವುದೊಂದು ಬಂದರೆ ಎಲ್ಲ ಬಂದಂತೆ ಎಂದುಕೊಂಡಿದ್ದೆ.

ಕಾಮಣಿಗೆ ಮಾತ್ರ ರಾಜೂರಿನ ಒಬ್ಬ ಮುದುಕಿ ಎಲೆ ಕೊಡುತ್ತಿದ್ದಳು. ಅದರ ಕಟ್ಟುಪಾಡನ್ನು ನನ್ನ ಅತ್ತೆ ತಿಳಿಸಿದರು. ಹೋಗುವಾಗ, ಬರುವಾಗ ಯಾರೊಡನೆಯೂ ಮಾತಾಡಕೂಡದು. ಎಲೆಯ ಹೆಸರು ಕೇಳಕೂಡದು, ಕೊಡುವವಳೂ ಹೇಳಕೂಡದು. ತಂದವಳೇ ಔಷಧ ಮಾಡಬೇಕು, ಮಾಡುವಾಗ ಮನೆಯವರ ಕಣ್ಣೂ ಬೀಳಕೂಡದು. ಬೆಳಗಾಗುತ್ತಲೇ ಹೊರಟೆ. ಮುದುಕಿ ನನ್ನ ಮುಖ ನೋಡಿದಳು, ಒಳಗೆ ಹೋಗಿ ಮೂರು ದಿನಕ್ಕಾಗುವಷ್ಟು ಸೊಪ್ಪು ತಂದು ಸೆರಗಿಗೆ ಹಾಕಿದಳು. ಅಷ್ಟೇ. ದಾರಿಯಲ್ಲಿ ಗುರುತಿನವರು ಅಕ್ಕ ಹೇಗಿದ್ದಾಳೆ ಎಂದು ಕೇಳಿದರೆ ತಲೆ ತಗ್ಗಿಸಿ ನಡೆದುಬಿಟ್ಟೆ.

ಮನೆಗೆ ಬಂದು ಸೆರಗು ಬಿಚ್ಚಿದಾಗ ಎಲೆ ಯಾವುದೆಂದು ತಿಳಿಯಿತು. ನೆಲನೆಲ್ಲಿ. ಹೊಲದ ಬದುವಿನಲ್ಲಿ ಕಾಲಿಗೆ ಸಿಗುವಂಥದ್ದು. ಅಪ್ಪನ ಗಡಿಗೆ ಹಿಂದಿನ ಬೇಸಿಗೆಯಲ್ಲೇ ಒಡೆದಿತ್ತು. ಬಾಗಿಲು ಹಾಕಿಕೊಂಡು ಕಬ್ಬಿಣದ ಬೋಗುಣಿಯಲ್ಲಿ ನೀರಿಟ್ಟೆ, ಎಂಟಕ್ಕೆ ಒಂದು ಇಳಿಸಿದೆ. ಕಷಾಯ ಶಾಯಿಯಂತೆ ಕಪ್ಪಾಯಿತು. ಇಷ್ಟು ಕಪ್ಪು ಬಿಟ್ಟಿದೆ ಎಂದರೆ ಎಲೆಯ ಸತ್ವವೆಲ್ಲ ಇಳಿದಿದೆ ಎಂದು ಹಿಗ್ಗಿದೆ. ಹಿಂಡುವಾಗ ಬೆರಳೂ ಕಪ್ಪಾದವು.

ಅಕ್ಕ ಒಂದೇ ಗುಟುಕಿಗೆ ಕುಡಿದು ಬಟ್ಟಲು ಕೆಳಗಿಟ್ಟಳು.

“ಅಪ್ಪನ ಕೈ ನಿನಗ ಬಂದೈತಿ ನೋಡು,” ಎಂದಳು.

ಮೂರು ದಿನ ಹಾಗೇ ಕುಡಿಸಿದೆ. ದಿನದಿನಕ್ಕೆ ಅವಳ ಕಣ್ಣಿನ ಹಳದಿ ಗಾಢವಾಯಿತು. ಮೂರನೆಯ ದಿನ ಮಾತು ತಡವರಿಸತೊಡಗಿತು, ಕೂತಲ್ಲೇ ನಿದ್ದೆಗೆ ಜಾರುತ್ತಿದ್ದಳು. ಎಲೆ ಕಡಿಮೆ ಬಿದ್ದಿರಬೇಕು, ಇನ್ನೂ ಗಟ್ಟಿ ಇಳಿಸಬೇಕು ಎಂದುಕೊಂಡು ನಾಲ್ಕನೆಯ ಬೆಳಗ್ಗೆ ಮತ್ತೆ ರಾಜೂರಿಗೆ ಓಡಿದೆ; ಬದುವಿನ ಸೊಪ್ಪು ನಡೆಯದು, ಮುದುಕಿಯ ಕೈಯಿಂದ ಬಂದರೇ ಗುಣ ಎಂಬ ನಂಬಿಕೆ. ಅರ್ಧ ದಾರಿಯಲ್ಲಿ ಎದೆ ಹೊಡೆದುಕೊಂಡು ಕೂತು ಅತ್ತುಬಿಟ್ಟೆ. ಅಳಬಾರದೆಂದು ಕಟ್ಟುಪಾಡಿನಲ್ಲಿ ಇರಲಿಲ್ಲ.

ಸೊಪ್ಪಿಗಾಗಿ ಸೆರಗು ಒಡ್ಡಿದೆ. ಮುದುಕಿ ಕೂಡಲೇ ಸೊಪ್ಪು ಹಾಕಲಿಲ್ಲ. ನನ್ನ ಬೆರಳು ಹಿಡಿದು ತಿರುಗಿಸಿ ನೋಡಿದಳು. ತಾನು ಇಷ್ಟು ವರ್ಷ ಪಾಲಿಸಿದ ಮೌನ ಅವತ್ತು ಮುರಿದಳು.

“ಕಬ್ಬಿಣದಾಗ ಕುದಿಸೀಯೇನವ್ವಾ?”

ಹೌದೆಂದು ತಲೆಯಾಡಿಸಿದೆ.

“ಇದು ಹಸೀದ ಕುಡಿಯೂ ಎಲಿ. ಕಲ್ಲಿನ ಮ್ಯಾಲ ಅರದು, ಹಿಂಡಿ, ಆಡಿನ ಹಾಲಾಗ ಕೊಡಬೇಕು. ಬೆಂಕಿ ತೋರಿಸಬಾರದು. ಎಲ್ಲಾರಿಗೂ ಗೊತ್ತಿರ್ತೈತಿ ಅಂತ ನಾ ತಿಳದಿದ್ನಿ.”

ಬಹಳ ವರ್ಷಗಳ ಮೇಲೆ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರನ್ನು ಕೇಳಿದೆ. ಎಲೆಯ ಒಗರು ಕಬ್ಬಿಣಕ್ಕೆ ಕೂಡಿದರೆ ಕಪ್ಪಾಗುತ್ತದೆ, ಹಿಂದೆ ಶಾಯಿ ಮಾಡುತ್ತಿದ್ದುದೇ ಹಾಗೆ ಎಂದರು. ಒಂದು ಎಲೆಯ ಸತ್ವ ಕುದಿಸಿದರೆ ಹೊರಬರುತ್ತದಂತೆ, ಇನ್ನೊಂದರದ್ದು ಕುದಿಸಿದರೆ ಕೆಡುತ್ತದಂತೆ. ಹಸಿ ರಸ ಕೊಟ್ಟಿದ್ದರೂ ಅಷ್ಟು ಬಲಿತ ಕಾಮಣಿಗೆ ಅದು ನಾಟುತ್ತಿತ್ತೆಂದು ಹೇಳಲಾಗದು ಎಂದೂ ಸಮಾಧಾನ ಮಾಡಿದರು. ಆ ಸಮಾಧಾನ ನನಗೆ ಬೇಕಾಗಿರಲಿಲ್ಲ. ಮೂರು ದಿನ ನಾನು ಅಕ್ಕನಿಗೆ ಶಾಯಿ ಕುಡಿಸಿದ್ದೆ.

ಅವತ್ತು ರಾಜೂರಿನಿಂದ ಹೇಗೆ ಬಂದೆನೋ ತಿಳಿಯದು. ಮುದುಕಿ ಕೊನೆಗೆ ಸೆರಗಿಗೆ ಹಾಕಿದ ಸೊಪ್ಪನ್ನು ಕಲ್ಲಿನ ಮೇಲೆ ಅರೆದೆ, ಬಟ್ಟೆಯಲ್ಲಿ ಹಿಂಡಿದೆ. ಬಟ್ಟಲಿಗೆ ಬಿದ್ದ ರಸ ಎಳೆ ಹುಲ್ಲಿನ ಹಸಿರು. ಆಡಿನ ಹಾಲು ಬೆರೆಸಿ ಅಕ್ಕನ ತಲೆ ಎತ್ತಿ ತುಟಿಗೆ ಹಿಡಿದೆ. ಒಂದು ಗುಟುಕು ಇಳಿಯಿತು, ಉಳಿದದ್ದು ಕಟವಾಯಿಯಿಂದ ಹರಿಯಿತು. ಅವಳು ಬಟ್ಟಲಿನೊಳಗೆ ನೋಡಿದಳು. ಆ ಹೊತ್ತಿಗೆ ಅವಳಿಗೆ ಪೂರ್ತಿ ಎಚ್ಚರವಿತ್ತು, ಅದನ್ನು ನಾನು ಮರೆಯಲಾರೆ.

“ಇದು ಹಸರ ಐತಿ,” ಎಂದಳು. “ಹಂಗಾರ ನಿನ್ನಿ ತನಕ ಕೊಟ್ಟಿದ್ದು ಏನ?”

ಔಷಧ ತಂದಾಗಿತ್ತು, ಮಾಡಿಯೂ ಆಗಿತ್ತು. ಮಾತಾಡಬಾರದೆಂಬ ಕಟ್ಟು ಯಾವುದೂ ಇನ್ನು ನನ್ನ ಮೇಲಿರಲಿಲ್ಲ. ಕಪ್ಪು ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸುಮ್ಮನೆ ಕೂತೆ. ಅಕ್ಕ ಸ್ವಲ್ಪ ಹೊತ್ತು ಕಾದಳು, ಆಮೇಲೆ ಕಣ್ಣು ಮುಚ್ಚಿದಳು. ಮರುದಿನ ಮಧ್ಯಾಹ್ನ ಹೋಗಿಬಿಟ್ಟಳು.